ಆಹಾರಶುದ್ಧಿಯ ಕ್ರಮ

12ನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರು ಸಕಲ ಜೀವಿಗಳಲ್ಲಿಯೂ ದಯೆಯಿರಬೇಕೆಂದು ಬೋಧಿಸಿದರು. ಆ ದಯೆಯನ್ನು ಊಟದ ಎಡೆಯಲ್ಲಿಯೂ ಪಾಲಿಸಬಯಸುವವನಿಗೆ ಆತುರ ಸಲ್ಲದು. ಒಂದೇ ದಿನದಲ್ಲಿ ಮಾಂಸವನ್ನು ತೊರೆದವನು ಹಳೆಯ ರುಚಿಗೆ ಸೋತು ಮರಳುವುದುಂಟು. ನಾಡಿನ ಅನೇಕ ಮನೆಗಳಲ್ಲಿ ಸೋಮವಾರದಂದೂ ಶ್ರಾವಣಮಾಸದಲ್ಲಿಯೂ ಮಾಂಸವು ವರ್ಜ್ಯ. ಈ ವಾಡಿಕೆಯಿಂದಲೇ ಆರಂಭಿಸಿ, ವಾರದ ಒಂದು ದಿನವನ್ನು ಎರಡಾಗಿ, ಎರಡನ್ನು ನಾಲ್ಕಾಗಿ ಬೆಳೆಸಬಹುದು.

ಬಿಟ್ಟುದರ ಸ್ಥಾನವನ್ನು ತುಂಬುವುದೂ ಅವಶ್ಯಕ. ಜೋಳದ ರೊಟ್ಟಿಯೊಡನೆ ತೊಗರಿ, ಹೆಸರು, ಅಲಸಂದೆಗಳು ಕೂಡಿದರೆ ಸಸಾರಜನಕವು ದೊರೆಯುವುದು. ಸೊಪ್ಪಿನ ಪಲ್ಯಕ್ಕೆ ನಿಂಬೆರಸ ಬೆರೆತರೆ ಅದರ ಕಬ್ಬಿಣದ ಅಂಶವು ಚೆನ್ನಾಗಿ ಮೈಗೂಡುವುದು. ಕಾಳು ಸೊಪ್ಪುಗಳಲ್ಲಿಲ್ಲದ ಬಿ12 ಜೀವಸತ್ವವು ಹಾಲು ಮೊಸರುಗಳಿಂದ ಲಭಿಸುವುದು.

ಇಲ್ಲಿ ಒಂದು ಎಚ್ಚರವಿರಬೇಕು. ತಾನು ಬಿಟ್ಟೆನೆಂಬ ಹಮ್ಮಿನಿಂದ, ಇನ್ನೂ ಬಿಡದ ಮನೆಯವರನ್ನು ಹೀಗಳೆಯುವವನ ಎಡೆಯಲ್ಲಿ ಮಾಂಸವಿಲ್ಲದಿರಬಹುದು, ದಯೆಯೂ ಇರದು. ಮೂಕಪ್ರಾಣಿಗೆ ತೋರಿದ ಕರುಣೆಯು ಪಕ್ಕದಲ್ಲಿ ಉಣ್ಣುವವನಿಗೂ ಸಲ್ಲತಕ್ಕದ್ದು.