ಪದಾಧಾರಿತ ಡೊಮೇನ್ ಹೆಸರು: ನೇರ ಸಂದರ್ಶಕರ ಅಂದಾಜು

ಸರಕಿನ ಹೆಸರನ್ನೇ ಅಂತರ್ಜಾಲ ವಿಳಾಸವಾಗಿ ಪಡೆಯಬೇಕೆಂಬ ಪೈಪೋಟಿ ಹೊಸದಲ್ಲ. ‘ಬಿಸಿನೆಸ್.ಕಾಂ’ ಎಂಬ ಹೆಸರು 1999ರಲ್ಲಿಯೇ 75 ಲಕ್ಷ ಡಾಲರುಗಳಿಗೆ ಮಾರಾಟವಾಗಿತ್ತು. 2005ರಲ್ಲಿ ‘.ಇನ್’ ವಿಳಾಸಗಳ ನೋಂದಣಿ ಸರ್ವರಿಗೂ ಮುಕ್ತವಾದ ಬಳಿಕ ಭಾರತದ ಸಣ್ಣ ಉದ್ದಿಮೆದಾರರಿಗೂ ಇಂತಹ ಹೆಸರುಗಳು ಎಟುಕುವಂತಾದವು. ಈ ಪದವನ್ನು ತಿಂಗಳಿಗೆ ಇಷ್ಟು ಸಾವಿರ ಜನ ಹುಡುಕುತ್ತಾರೆ ಎಂಬ ಲೆಕ್ಕವನ್ನು ಮುಂದಿಟ್ಟು ಮಾರಾಟಗಾರರು ಬೆಲೆ ಹೇಳುವುದುಂಟು. ಆದರೆ ಹುಡುಕುವವರ ಸಂಖ್ಯೆ ಬೇರೆ, ವಿಳಾಸಕ್ಕೆ ನೇರವಾಗಿ ಬರುವವರ ಸಂಖ್ಯೆ ಬೇರೆ.

ಶೋಧಯಂತ್ರದ ನೆರವಿಲ್ಲದೆ, ವಿಳಾಸವನ್ನು ತಾವೇ ಬೆರಳಚ್ಚಿಸಿ ಬರುವವರನ್ನು ನೇರ ಸಂದರ್ಶಕರೆನ್ನುತ್ತಾರೆ. ಮೊದಲು ಬ್ರೌಸರುಗಳಲ್ಲಿ ವಿಳಾಸದ ಪಟ್ಟಿ ಹಾಗೂ ಶೋಧದ ಪಟ್ಟಿ ಪ್ರತ್ಯೇಕವಾಗಿದ್ದವು. 2008ರಲ್ಲಿ ಬಂದ ಕ್ರೋಮ್ ಇವೆರಡನ್ನೂ ಒಂದುಗೂಡಿಸಿತು. ಅಲ್ಲಿ ‘.ಕಾಂ’ ಅಥವಾ ‘.ಇನ್’ ಸೇರಿಸದೆ ಬರೆದ ಪದ ಶೋಧಯಂತ್ರಕ್ಕೇ ಹೋಗುತ್ತದೆ. ಆದ್ದರಿಂದ ಹಳೆಯ ಅನುಪಾತಗಳನ್ನು ನಂಬಿ ಹಣ ಹೂಡುವುದು ಸಲ್ಲದು.

ಅಂದಾಜು ಮಾಡುವಾಗ ಮೂರು ಅಂಶಗಳನ್ನು ಗಮನಿಸಬೇಕು.

ಮೊದಲನೆಯದು, ಶೋಧದ ಅಂಕಿ. ಗೂಗಲ್‌ನ ಕೀವರ್ಡ್ ಪ್ಲಾನರ್ ನೀಡುವುದು ಮಾಸಿಕ ಸರಾಸರಿ. ಅದು ಸಮೀಪದ ಪದರೂಪಗಳನ್ನೂ ಒಟ್ಟುಗೂಡಿಸಿ ತೋರಿಸುತ್ತದೆ. ದೇಶವನ್ನು ಆರಿಸದಿದ್ದರೆ ಹೊರದೇಶದ ಶೋಧಗಳೂ ಸೇರಿಕೊಳ್ಳಬಹುದು. ಈ ಅಂಕಿ ಪದದ ಬೇಡಿಕೆಯನ್ನು ಸೂಚಿಸುತ್ತದೆಯೇ ಹೊರತು ವಿಳಾಸದ ಬೇಡಿಕೆಯನ್ನಲ್ಲ.

ಎರಡನೆಯದು, ಸರ್ವರ್ ದಾಖಲೆ. ಹಿಂದಿನ ಪುಟದ ಗುರುತಿಲ್ಲದ ಭೇಟಿಗಳನ್ನೆಲ್ಲ ‘ನೇರ’ ಎಂದೇ ವಿಶ್ಲೇಷಣಾ ತಂತ್ರಾಂಶಗಳು ಎಣಿಸುತ್ತವೆ. ಇ-ಮೇಲ್ ಕೊಂಡಿಯಿಂದ, ಮೊಬೈಲ್ ಆ್ಯಪ್‌ನಿಂದ ಬಂದವರೂ ಅದರಲ್ಲಿ ಸೇರಿರಬಹುದು. ಯಾಂತ್ರಿಕ ರೋಬಾಟ್‌ಗಳ ಭೇಟಿ, ಮಾಲೀಕರ ಸ್ವಂತ ಭೇಟಿ ಹಾಗೂ ಒಬ್ಬರೇ ಮತ್ತೆ ಮತ್ತೆ ಬಂದದ್ದನ್ನು ಕಳೆಯಬೇಕು.

ಮೂರನೆಯದು, ಅವಧಿ. ಚನ್ನಪಟ್ಟಣದ ಮರದ ಆಟಿಕೆ ತಯಾರಕರೊಬ್ಬರು ಇಂತಹ ಹೆಸರೊಂದನ್ನು ಕೊಳ್ಳಬಯಸಿದ್ದಾರೆ ಎಂದುಕೊಳ್ಳೋಣ. ದಸರಾ ಗೊಂಬೆಗಳ ಕಾಲದ ಒಂದು ತಿಂಗಳ ಲೆಕ್ಕವನ್ನು ಹನ್ನೆರಡರಿಂದ ಗುಣಿಸಿದರೆ ವರ್ಷದ ನಿಜಚಿತ್ರ ದೊರೆಯದು. ಹನ್ನೆರಡು ತಿಂಗಳ ದಾಖಲೆಯನ್ನೇ ಕೇಳಬೇಕು.

ಈ ತಯಾರಕರ ಲೆಕ್ಕವನ್ನೇ ಕಲ್ಪಿತ ಅಂಕಿಗಳಿಂದ ನೋಡಬಹುದು. ಪದಕ್ಕೆ ತಿಂಗಳಿಗೆ 3,000 ಶೋಧಗಳಿವೆ. ಆದರೆ ದಾಖಲೆಯನ್ನು ಶೋಧಿಸಿದಾಗ ಉಳಿದ ನೇರ ಸಂದರ್ಶಕರು ವರ್ಷಕ್ಕೆ 720 ಮಂದಿ. ಇಪ್ಪತ್ತಕ್ಕೆ ಒಬ್ಬರಂತೆ 36 ಮಂದಿ ವಿಚಾರಿಸಿ, ಅವರಲ್ಲಿ ಮೂರಕ್ಕೆ ಒಬ್ಬರಂತೆ 12 ಮಂದಿ ಸರಕು ತರಿಸಿಕೊಂಡರೆ, ಆದೇಶವೊಂದಕ್ಕೆ 1,500 ರೂಪಾಯಿಯಂತೆ ಬರುವ ಲಾಭ 18,000 ರೂಪಾಯಿ. ಹೆಸರಿಗೆ 2 ಲಕ್ಷ ರೂಪಾಯಿ ತೆತ್ತರೆ, ಬಡ್ಡಿ ಹಾಗೂ ನವೀಕರಣ ಶುಲ್ಕ ಬಿಟ್ಟರೂ ಅಸಲು ಮರಳಲು ಹನ್ನೊಂದು ವರ್ಷಕ್ಕೂ ಮಿಗಿಲು ಬೇಕು.

ಹೆಸರಿನ ಹಕ್ಕನ್ನೂ ಪರಿಶೀಲಿಸಬೇಕು. ಬೆಂಗಳೂರಿನ ನ್ಯಾಯಾಲಯದಲ್ಲಿ ಆರಂಭವಾದ ಸತ್ಯಂ ಇನ್ಫೋವೇ–ಸಿಫಿನೆಟ್ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 2004ರಲ್ಲಿ, ಡೊಮೇನ್ ಹೆಸರಿಗೂ ವ್ಯಾಪಾರ ಚಿಹ್ನೆಯ ಕಾನೂನಿನ ರಕ್ಷಣೆ ಉಂಟೆಂದು ತೀರ್ಪಿತ್ತಿತು. ಅನ್ಯರ ಚಿಹ್ನೆಯನ್ನು ಹೋಲುವ ಹೆಸರಿಗೆ ಎಷ್ಟೇ ಸಂದರ್ಶಕರಿದ್ದರೂ ಅದು ಆಸ್ತಿಯಾಗದೆ ಹೊರೆಯಾದೀತು.

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದು ವ್ಯಾಪಾರಕ್ಕೆ ಒಪ್ಪದು. ಸಾಧ್ಯವಿದ್ದರೆ ಹೆಸರನ್ನು ಕೆಲವು ತಿಂಗಳು ಬಾಡಿಗೆಗೆ ಪಡೆದು, ಬಂದವರನ್ನು ತಾವೇ ಎಣಿಸಿ, ಬಳಿಕ ಬೆಲೆ ಮಾತನಾಡುವುದು ಲೇಸು.