ಕೊಡಿ, ಆದರೆ ಕೇಳಿ ಕೊಡಿ

ಮುಂಬೈನ ಪರೇಲಿನಲ್ಲಿರುವ ಟಾಟಾ ಮೆಮೋರಿಯಲ್ ಆಸ್ಪತ್ರೆ ಧಾರಾವಿಗೆ ದೂರವಲ್ಲ. ಸಯಾನ್‌ನಲ್ಲಿ ಲೋಕಲ್ ಹತ್ತಿದರೆ ಮೂರೇ ಸ್ಟೇಷನ್. ಆಸ್ಪತ್ರೆಯಲ್ಲಿ ಕ್ಯಾನ್ಸರ್ ಗಡ್ಡೆ ತೆಗೆದಮೇಲೆ ತುಣುಕೊಂದನ್ನು ಮೇಣದ ಅಚ್ಚಿನಲ್ಲಿ ಕೂರಿಸಿ ಪರೀಕ್ಷಿಸುತ್ತಾರೆ. ಉಳಿದದ್ದನ್ನು ಸಂಶೋಧನೆಗೆ ಕೊಡುವಿರಾ ಎಂದು ಕೇಳಿದರೆ ಗಾಬರಿಬೀಳಬೇಡಿ. ಪಾಶ್ಚಾತ್ಯರಲ್ಲಿ ಬಾಯಿ ಕ್ಯಾನ್ಸರ್ ಹೆಚ್ಚಾಗಿ ನಾಲಿಗೆಗೆ, ಬಾಯಿಯ ತಳಕ್ಕೆ ಬರುತ್ತದೆ; ತಂಬಾಕು, ಗುಟ್ಕಾ ಜಗಿಯುವ ನಮ್ಮಲ್ಲಿ ಕೆನ್ನೆಯ ಒಳಬದಿಗೆ, ವಸಡಿಗೆ. ಅವರ ಅಂಗಾಂಶ ನೋಡಿ ನಮ್ಮ ರೋಗ ಪೂರ್ತಿ ತಿಳಿಯದು. 1998ರಲ್ಲಿ ಟಾಟಾದವರು ಮುಂಬೈನ ಕೊಳೆಗೇರಿಗಳಲ್ಲಿ ಶುರುಮಾಡಿದ ಅಧ್ಯಯನಕ್ಕೆ ಸುಮಾರು 1.5 ಲಕ್ಷ ಹೆಂಗಸರು ಸೇರಿದ್ದರಿಂದಲೇ, ವಿನೆಗರ್‌ನಂಥ ದ್ರಾವಣ ಹಚ್ಚಿ ನೋಡುವ ಅಗ್ಗದ ತಪಾಸಣೆ ಗರ್ಭಕಂಠದ ಕ್ಯಾನ್ಸರ್ ಸಾವನ್ನು ಶೇ. 31ರಷ್ಟು ತಗ್ಗಿಸುತ್ತದೆಂದು ಗೊತ್ತಾದದ್ದು. ಅಧ್ಯಯನದಲ್ಲಿ ಹೋಲಿಕೆಗೆಂದು ತಪಾಸಣೆಯಿಲ್ಲದೆ ಇರಿಸಿದ್ದ ಗುಂಪಿನವರಿಗೆ ಎಲ್ಲವನ್ನೂ ಸರಿಯಾಗಿ ತಿಳಿಸಿದ್ದರೇ ಎಂಬ ತಕರಾರೂ ಎದ್ದಿತ್ತು, ಅದು ಬೇರೆ ಮಾತು. ಅಲ್ಲ, ಅದೇ ಮುಖ್ಯ ಮಾತು.

ಬಡವರ ಮೈಯಿಂದ ಯಾರೋ ದುಡ್ಡು ಮಾಡಿಕೊಳ್ಳುತ್ತಾರೆಂಬ ಅನುಮಾನ ಸುಳ್ಳಲ್ಲ. 1951ರಲ್ಲಿ ಅಮೆರಿಕದ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪು ಮಹಿಳೆಯ ಕೋಶಗಳನ್ನು ಕೇಳದೆಯೇ ತೆಗೆದುಕೊಂಡಿದ್ದರು. ಹಾಗೆಂದು ಬಾಗಿಲು ಹಾಕಿಕೊಂಡರೆ ನಷ್ಟ ನಮಗೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ ಒಪ್ಪಿಗೆ ಪತ್ರ ನಿಮಗೆ ತಿಳಿಯುವ ಭಾಷೆಯಲ್ಲಿರಬೇಕು. ಒಲ್ಲೆನೆಂದರೂ ಚಿಕಿತ್ಸೆ ಕಡಿಮೆಯಾಗಬಾರದು. ಕೊಟ್ಟಮೇಲೂ ಹಿಂದೆ ಸರಿಯಬಹುದು. ಹೆಬ್ಬೆಟ್ಟು ಒತ್ತುವ ಮುನ್ನ ಓದಿಸಿ ಕೇಳಿ. ಮಾದರಿ ಎಲ್ಲಿರುತ್ತದೆ, ಹೆಸರು ಗುಟ್ಟಾಗಿರುತ್ತದೆಯೇ, ಲಾಭ ಬಂದರೆ ಯಾರಿಗೆ ಎಂದು ವಿಚಾರಿಸಿ. ಉತ್ತರ ಸಮಾಧಾನವಾಗದಿದ್ದರೆ ಅಂದು ಸಹಿ ಮಾಡಬೇಡಿ, ಮನೆಯವರೊಡನೆ ಮಾತಾಡಿ ಮರುದಿನ ಹೇಳಿ.