ಶಟ್‌ಡೌನ್ ಮಾಡಿಯೇ ವೈರು ತೆಗೆಯಿರಿ

ಬಳ್ಳಾರಿ, ಕುರುಗೋಡಿನಲ್ಲಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು ಕೊಂಡು ಕಲಿಯಲು ಹೊರಟವರೇ, ಅದರ ಆಪರೇಟಿಂಗ್ ಸಿಸ್ಟಮ್‌ಗೆ (ಓಎಸ್) ದುಡ್ಡು ಕೊಡಬೇಕಿಲ್ಲ; ಡೆಬಿಯನ್ ಲಿನಕ್ಸ್ ಮೇಲೆ ಕಟ್ಟಿದ್ದು, ಉಚಿತವಾಗಿ ಸಿಗುತ್ತದೆ. ಜೋಪಾನ ಮಾಡಬೇಕಾದ್ದು ಮೆಮೊರಿ ಕಾರ್ಡನ್ನು. ಅದಕ್ಕೆ ಬರೆಯುತ್ತಿರುವಾಗಲೇ ಕರೆಂಟು ಹೋದರೆ ಫೈಲುಗಳು ಕೆಟ್ಟು, ಬೋರ್ಡು ಮತ್ತೆ ಆನ್ ಆಗದೇ ಹೋಗಬಹುದು. ಶಟ್‌ಡೌನ್ ಮಾಡದೆ ವೈರು ಕೀಳಲೇಬೇಡಿ. ಸಿರುಗುಪ್ಪದ ಭತ್ತದ ಗದ್ದೆಯಲ್ಲಿ ನೀರಿನ ಮಟ್ಟ ನೋಡಲು ಹಗಲೂ ರಾತ್ರಿ ಓಡಿಸುವುದಾದರೆ, ಅದರ ಸೆಟ್ಟಿಂಗ್ಸ್ ಸಾಧನವಾದ ರಾಸ್ಪಿ-ಕಾನ್ಫಿಗ್‌ನಲ್ಲಿ ಓವರ್‌ಲೇ ಫೈಲ್ ಸಿಸ್ಟಮ್ ಆನ್ ಮಾಡಿ. ಆಗ ಓಎಸ್ ಇರುವ ಕಾರ್ಡಿಗೆ ಏನೂ ಬರೆಯುವುದಿಲ್ಲ. ಹಾಗಾಗಿ ನೀರಿನ ಮಟ್ಟದ ಲೆಕ್ಕಗಳನ್ನು ಪೆನ್‌ಡ್ರೈವ್‌ನಲ್ಲಿ ಉಳಿಸಿಕೊಳ್ಳಿ. ಬಿಸಿಯ ಬಗ್ಗೆಯೂ ಎಚ್ಚರವಿರಲಿ; ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ಚಿಪ್ 80 ಡಿಗ್ರಿ ಮುಟ್ಟಿದರೆ ತಾನಾಗಿ ನಿಧಾನವಾಗುತ್ತದೆ. ಹೀಟ್‌ಸಿಂಕ್, ಫ್ಯಾನ್ ಎರಡೂ ಹಾಕಿ. ಇನ್ನು ಪರದೆಯ ಮೇಲೆ ಕನ್ನಡ ಅಕ್ಷರಗಳು ಬರೀ ಚೌಕಗಳಾಗಿ ಕಂಡರೆ ‘ಗುಬ್ಬಿ’ ಫಾಂಟ್ ಇನ್‌ಸ್ಟಾಲ್ ಮಾಡಿಕೊಳ್ಳಿ.